ಎರವಲು ಒರಳು

ಅಲಬಾಮಾದ ಆಗಸ್ಟ್. ಬೆಳಗಿನ ಆರಕ್ಕೇ
ಬೆಣ್ಣೆ ತಟ್ಟೆಯಲ್ಲಿ ಕಾಲು ಚಾಚಿ ಮಲಗಿದೆ.
ಮೆತ್ತಗಾಗಲೆಂದು ಕಾಯುವ ಕೆಲಸವಿಲ್ಲ ಇವತ್ತು
ಓಪಲ್ ಟಾರ್ಪ್ಲಿಗೆ. ಹನ್ನೊಂದಕ್ಕೆ ಮಣ್ಣು.
ಅಷ್ಟರೊಳಗೆ ಆರು ಡಜನ್ ಚೀಸ್ ಕಡ್ಡಿ.

ತುರಿದು ಚೀಲಕ್ಕೆ ತುಂಬಿದ ಚೀಸು
ಅವಳ ಮನೆ ಹೊಕ್ಕಿಲ್ಲ ಈವರೆಗೆ.
ಅದರ ಮೈಗೆ ಏನೋ ಪುಡಿ ಸವರಿರುತ್ತಾರೆ,
ಒಂದಕ್ಕೊಂದು ಅಂಟುವುದಿಲ್ಲ,
ಮದುವೆಗೆ ಬಂದ ಬೀಗರ ಹಾಗೆ.
ಚೆಡ್ಡಾರಿನ ಇಡೀ ಗಡ್ಡೆ, ತುರಿಯುವ ಮಣೆ,
ಬೆರಳ ಗೆಣ್ಣಿಗೆ ಒಂದು ಗೀರು.
ಅಷ್ಟು ಕೊಡದೆ ಆಗುವುದಿಲ್ಲ.

ಮೈದಾ, ಉಪ್ಪು. ಆಮೇಲೆ ಕೆಂಪು ಮೆಣಸಿನ ಪುಡಿ.
ಚಮಚ ಡಬ್ಬಿಯ ಬಾಯಲ್ಲೇ ನಿಲ್ಲುತ್ತದೆ.

ಇಲ್ಲೇ ಅಲ್ಲವೆ ಶುರುವಾದದ್ದು.
ಚರ್ಚಿನ ಗಾಯನ ಕೋಣೆ, ಈಸ್ಟರಿನ ಮಾರನೆಯ ವಾರ.
ವರ್ಡೀ ಹಾಲ್‌ಕಂಬ್ ಒಂದು ಕಡ್ಡಿ ಮುರಿದು ಬಾಯಿಗಿಟ್ಟು
ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಅಂದಿದ್ದಳು:
"ಚೆನ್ನಾಗಿದೆ. ಖಾರ ಹಾಕೋಕೆ ಮಾತ್ರ ಧೈರ್ಯ ಸಾಲದು."

ಹತ್ತೊಂಬತ್ತು ವರ್ಷ.
ಒಂದೇ ಬೀದಿ, ಒಂದೇ ಬೆಂಚಿನ ಎರಡು ತುದಿ.
ಮಾತು ಬಿಟ್ಟಿದ್ದರೆಂದಲ್ಲ: ಗುಡ್ ಮಾರ್ನಿಂಗ್ ಇತ್ತು,
ಏನು ಸೆಕೆಯಪ್ಪಾ ಇತ್ತು,
ನಿಮ್ಮ ನಾಯಿ ನಮ್ಮ ಹೂವಿನ ಪಾತಿಯಲ್ಲಿತ್ತು ಇತ್ತು.
ಒರಳಿನ ಸುದ್ದಿ ಮಾತ್ರ ಇಬ್ಬರೂ ಎತ್ತಲಿಲ್ಲ.

ಒರಳು ವರ್ಡೀಯದು.
ಆ ಮಾತಿಗೆ ಹದಿನೈದು ದಿನ ಮುಂಚೆ ಎರವಲು ತಂದದ್ದು:
ಅಲ್ಯುಮಿನಿಯಂ ಕೊಳವೆ, ಮೇಲೊಂದು ತಿರುಪು,
ಬಾಯಿಗೆ ನಕ್ಷತ್ರದ ಬಿಲ್ಲೆ.
ನಮ್ಮ ಚಕ್ಕುಲಿ ಒರಳು ಕಂಡರೆ
ದಾಯಾದಿ ಎಂದು ಗುರುತು ಹಿಡಿದೀತು.

ಮರಳಿಸಬಹುದಿತ್ತು. ಮೂರು ಸಲ
ತೊಳೆದು, ಒರೆಸಿ, ಕಾಗದದ ಚೀಲಕ್ಕೆ ಹಾಕಿ
ಬಾಗಿಲ ತನಕ ಹೋಗಿದ್ದಳು ಓಪಲ್.
ಕೊಟ್ಟರೆ ಲೆಕ್ಕ ಚುಕ್ತಾ.
ಚುಕ್ತಾ ಆದ ಮೇಲೆ ಆ ಮೆಟ್ಟಿಲು ಹತ್ತಲು ಏನು ನೆಪ?
ಅವಳಾದರೂ ಕೇಳಬಹುದಿತ್ತು.
ಕೇಳಲಿಲ್ಲ.

ಚಮಚ ಮುಳುಗುತ್ತದೆ. ಒಂದು.
ತಡೆದು, ಇನ್ನೂ ಒಂದು.

ಹಿಟ್ಟು ತಣ್ಣಗಿದ್ದರೆ ತುಂಡಾಗುತ್ತದೆ, ಬಿಸಿಯೇರಿದರೆ ಕುಸಿಯುತ್ತದೆ,
ನಡುವಿನ ಹದಕ್ಕೆ ಹೆಸರಿಲ್ಲ, ಅಂಗೈಗೆ ಗೊತ್ತು.
ತಿರುಪು ತಿರುಗಿಸಿದರೆ
ಐದು ಏಣಿನ ಹಳದಿ ಎಳೆ
ತಗಡಿನ ಈ ತುದಿಯಿಂದ ಆ ತುದಿಗೆ
ಉಸಿರು ಬಿಗಿಹಿಡಿದು ನಡೆಯುತ್ತದೆ.
ಬೆರಳುದ್ದಕ್ಕೆ ಕತ್ತರಿಸಿ ಓವನ್ನಿಗೆ.
ಹದಿನಾಲ್ಕನೇ ನಿಮಿಷಕ್ಕೆ ಮನೆಯೆಲ್ಲ ಘಮ,
ಹದಿನಾರಕ್ಕೆ ತಳ ಕಹಿ.

ಚರ್ಚಿನ ಹಿಂದಿನ ಹಾಲಿನಲ್ಲಿ ಸಕ್ಕರೆ ಸವರಿದ ಹಂದಿ ತೊಡೆ,
ಸಾಸಿವೆ ಬೆರೆಸಿ ತುಂಬಿದ ಮೊಟ್ಟೆ, ಮೂರು ಮನೆಯ ಆಲೂ ಸಲಾಡು.
ಕ್ರಿಸ್‌ಮಸ್ ಕೇಕಿನ ಹಳೇ ಡಬ್ಬಿ ತೆರೆದದ್ದೇ ತಡ
ಕಪ್ಪು ಟೈಗಳು ಬಾಗಿದವು. ಯಾರೋ ಅಂದರು:
"ವರ್ಡೀ ಮಾಡಿದ ಹಾಗೇ ಇದೆ."
ಯಾರೋ ಕೆಮ್ಮಿ ನೀರು ಹುಡುಕಿದರು.

ವರ್ಡೀಯ ಮಗಳು ಟ್ವೈಲಾಳ ಕೈಗೆ ಕಾಗದದ ಚೀಲ.
ಜೊತೆಗೆ ಹೇಳುವ ಮಾತೂ ತಯಾರಿತ್ತು, ಹತ್ತೊಂಬತ್ತು ವರ್ಷದ್ದು.
ಟ್ವೈಲಾ ತೆಗೆದು, ತಿರುಗಿಸಿ, ಬೆಳಕಿಗೆ ಹಿಡಿದು,
"ಏನಿದು ಮಿಸ್ ಓಪಲ್?
ಕಿಟಕಿ ಸಂದಿಗೆ ಮೇಣ ತುಂಬೋ ಗನ್ನಾ?
ಅಪ್ಪನದಿರಬೇಕು. ನೀವೇ ಇಟ್ಟುಕೊಳ್ಳಿ."

ಸಂಜೆ ಬೂಟು ಕಳಚಿ ನೋಡಿದರೆ
ಪಾತ್ರೆಯ ತಳದಲ್ಲಿ, ಒದ್ದೆ ಬಟ್ಟೆಯಡಿ, ಹೆಬ್ಬೆರಳಷ್ಟು ಹಿಟ್ಟು.
ಒಂದೇ ಒಂದು ಕಡ್ಡಿ ಒತ್ತಿದಳು, ಸೊಟ್ಟಗೆ.
ಅದೊಂದಕ್ಕೆ ಓವನ್ ಹಚ್ಚಿದಳು.
ಆರಲು ಬಿಡದೆ ತಿಂದಳು, ನಿಂತೇ.
"ಜಾಸ್ತಿಯಾಯ್ತು" ಅಂದಳು,
ಬೀದಿಯ ಕಡೆಗಿನ ಕಿಟಕಿಗೆ, ಗಟ್ಟಿಯಾಗಿ.

ಆಮೇಲೆ ಒರಳು ತೊಳೆದು, ಒರೆಸಿ,
ನಕ್ಷತ್ರದ ಸಂದಿಗಳಿಗೆ ಹಲ್ಲುಕಡ್ಡಿ ಆಡಿಸಿ,
ಅಭ್ಯಾಸ ನೋಡಿ,
ಮತ್ತೆ ಕಾಗದದ ಚೀಲಕ್ಕೇ ಹಾಕಿ
ಬಾಗಿಲ ಬಳಿ ಇಟ್ಟಳು.