ಸೊನ್ನೆಯಲ್ಲ

ರಾಜಾಜಿನಗರದ ಕೈಗಾರಿಕಾ ಬಡಾವಣೆ,
ಬೋಲ್ಟು ನಟ್ಟಿನ ಅಂಗಡಿಯ ಮೇಲಿನ ಮಹಡಿ.
ಇಲ್ಲಿ ಕೂತು ನಾನು ಕಾಯುವುದು
ಇಲ್ಲಿಲ್ಲದ ಮೂವತ್ತೊಂದು ಯಂತ್ರಗಳನ್ನು.
ಹಳೇ ಅಡ್ಮಿನ್ ಇಗ್ನೇಷಿಯಸ್ ಹಸಿದ ಹೊತ್ತಲ್ಲಿ ಹೆಸರಿಟ್ಟಿರಬೇಕು:
ನೆಲಮಂಗಲದ್ದು ಖಾರಾಬಾತ್,
ಆನೇಕಲ್ಲಿನದು ಶ್ಯಾವಿಗೆ,
ಹೊಸಕೋಟೆಯ ಲಸಿಕೆ ಕೋಣೆ ನೋಡಿಕೊಳ್ಳುವುದು ಪಡ್ಡು.
"ಪಡ್ಡು ಬಿತ್ತು, ಖಾರಾಬಾತ್ ವಿಪರೀತ ಬಿಸಿ" ಎಂದರೆ
ಬಸ್ಸಿನಲ್ಲಿ ಪಕ್ಕದವರು ಹೋಟೆಲಿನವಳೆಂದುಕೊಳ್ಳುತ್ತಾರೆ.
ನಾನೂ ಅಲ್ಲವೆನ್ನುವುದಿಲ್ಲ.

ಒಂದೊಂದರೊಳಗೂ ಒಬ್ಬ ಏಜೆಂಟನ್ನು ಕೂರಿಸಿದ್ದು ನಾನೇ.
ಸೈಟು ಕೊಡಿಸುವ ಏಜೆಂಟಲ್ಲ, ವಿಮೆಯವನೂ ಅಲ್ಲ.
ಎರಡು ಮೆಗಾಬೈಟಿನ ಕಾವಲು ಪ್ರಾಣಿ.
ಅದಕ್ಕೆ ಕಲಿಸಬೇಕಾದದ್ದು ಇಷ್ಟೇ:
ಯಾರಿಗೆ ಹೇಳಬೇಕು, ಯಾವ ಬಾಗಿಲಿನಿಂದ,
ಎಷ್ಟು ಹೊತ್ತಿಗೊಮ್ಮೆ.
ಉಳಿದದ್ದೆಲ್ಲ ಮಿತಿ.
ಎಷ್ಟು ಬಿಸಿಯಾದರೆ ಬಿಸಿ, ಎಷ್ಟು ತುಂಬಿದರೆ ತುಂಬಿದ್ದು.
ಕಡಿಮೆ ಇಟ್ಟರೆ ರಾತ್ರಿಯಿಡೀ ಅರಚುತ್ತದೆ,
ಹೆಚ್ಚು ಇಟ್ಟರೆ ಸುಟ್ಟ ಮೇಲೆ ಹೇಳುತ್ತದೆ.
(ನನಗೆ ಈ ಮಿತಿಯನ್ನು ಮನೆಯಲ್ಲಿ ಯಾರೂ ಬರೆದಿಟ್ಟಿಲ್ಲ.)

ಆಷಾಢದ ಗಾಳಿಗೆ ಹೊಸಕೋಟೆಯ ಲೈನು
ದಿನಕ್ಕೆ ಹತ್ತು ಸಲ ಕಡಿಯುತ್ತಿತ್ತು.
ಕಡಿದಾಗಲೆಲ್ಲ ನನ್ನ ಫೋನು ಕೂಗುತ್ತಿತ್ತು,
ಮಗಳಿಗೆ ಜಡೆ ಹಾಕುವಾಗ, ಹಾಲು ಉಕ್ಕುವಾಗ,
ಚರ್ಚಿನಲ್ಲಿ ಎಲ್ಲರೂ ಮೊಣಕಾಲೂರಿದಾಗ.
ಒಂದು ಬುಧವಾರ ನಿದ್ದೆಗೆಟ್ಟ ಕಣ್ಣಲ್ಲಿ ಒಂದು ಸಾಲು ಬರೆದೆ:
ಮಾತು ಬಾರದಿದ್ದರೆ, ಕ್ಷೇಮವೆಂದೇ ತಿಳಿ.
ಫೋನು ಸುಮ್ಮನಾಯಿತು. ಯಾರೂ ಕೇಳಲಿಲ್ಲ.
ಇಪ್ಪತ್ತೆರಡು ದಿನ ಚೆನ್ನಾಗಿ ನಿದ್ದೆ ಮಾಡಿದೆ.

ಇಪ್ಪತ್ಮೂರನೆಯ ರಾತ್ರಿ ನನ್ನದೇ ಪಾಳಿ. ಎರಡು ಗಂಟೆ ನಲವತ್ತು.
ಗೋಡೆಯ ಮೇಲೆ ಮೂವತ್ತೊಂದು ಚೌಕ, ಮೂವತ್ತೊಂದೂ ಹಸಿರು.
ಮೂಲೆಯ ಲ್ಯಾಂಡ್‌ಲೈನು ಹೊಡೆದುಕೊಂಡಿತು.
ಅದಕ್ಕೆ ಜೀವವಿದೆಯೆಂದೇ ನನಗೆ ಗೊತ್ತಿರಲಿಲ್ಲ.

"ಮೇಡಮ್ಮೋರೆ, ನಾನು ಚೌಡಪ್ಪ, ಹೊಸಕೋಟೆ ಗೋಡೌನು.
ಸದ್ದು ನಿಂತೋಗೈತೆ."
ಯಾವ ಸದ್ದು?
"ಅದೇ, ದಿನಾ ಬರೋದು. ಗೊಂಯ್ ಅಂತಿತ್ತಲ್ಲ.
ಮಲಗಿದ್ದೆ ಅಂತ ಬರ್ಕೋಬ್ಯಾಡಿ, ಕಣ್ ಮುಚ್ಚಿದ್ದೆ ಅಷ್ಟೆ.
ಸದ್ದು ನಿಂತಿದ್ಕೇ ಎಚ್ರ ಆಯ್ತು.
ನಂಬ್ರು ಗ್ವಾಡೆ ಮ್ಯಾಲೆ ಇಗ್ನೇಷಿ ಸಾರು ಬರೆದಿದ್ದು,
ಹುಡುಕೋದೇ ಲೇಟಾಯ್ತು."

ಪಡ್ಡು: ಹಸಿರು. ನಾಲ್ಕು ಡಿಗ್ರಿ.
ಆ ನಾಲ್ಕು, ಒಂದೂ ಐವತ್ತರದು.
ಹಾರ ಹಾಕಿದ ಫೋಟೋ ನಗುತ್ತಲೇ ಇರುವ ಹಾಗೆ.

ಒಳಗಿನ ಹಳೇ ಥರ್ಮಾಮೀಟರಿಗೆ ಟಾರ್ಚು ಹಿಡಿಸಿದೆ.
"ಏಳು… ಏಳರ ಮ್ಯಾಲೆ ಎರಡು ಗೀಟು."
ಎಂಟು ದಾಟಿದರೆ ಎಷ್ಟು ಮಕ್ಕಳ ತೋಳಿನ ಲೆಕ್ಕವೆಂದು
ನಾನವನಿಗೆ ಹೇಳಲಿಲ್ಲ.
ತಾನಾಗಿ ಹೊತ್ತಬೇಕಿದ್ದ ಜನರೇಟರಿಗೆ
ನಾಲ್ಕು ಸಲ ಹ್ಯಾಂಡಲ್ ತಿರುಗಿಸಿದ, ಬಯ್ದ,
ಐದನೆಯದಕ್ಕೆ ಅದು ಕೆಮ್ಮಿತು.
ಫೋನಿನೊಳಗೆ ಗೊಂಯ್ ಬಂತು.
ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ಕೇಳಿದೆವು.

ಆಮೇಲೆ ಕಡತ ತೆರೆದೆ.
ಸುಮ್ಮನಿರುವುದು ಸೊನ್ನೆಯಲ್ಲ.
ಸೊನ್ನೆಯೂ ಒಂದು ಉತ್ತರ,
ಯಾರೋ ಹೋಗಿ, ಎಣಿಸಿ, ಬಂದು ಹೇಳಿದ್ದು.
ಇದು ಯಾರೂ ಹೋಗದ ಜಾಗ.
ಹಳೇ ಸಾಲು ಅಳಿಸಿ ಬರೆದೆ:
ಮೂರು ನಿಮಿಷ ಮಾತಿಲ್ಲದಿದ್ದರೆ, ಕೂಗು.
ಅದರ ಮೇಲೆ ಹ್ಯಾಶ್ ಇಟ್ಟು,
ಯಂತ್ರ ಓದದ ಇನ್ನೊಂದು ಸಾಲು:
# ಚೌಡಪ್ಪನವರು ಹೇಳಿದಂತೆ

ವರದಿಯಲ್ಲಿ "ಮೊದಲು ಪತ್ತೆ ಮಾಡಿದ್ದು" ಎಂಬ ಕಲಮು.
ಆರಿಸಲು ಏಜೆಂಟುಗಳ ಪಟ್ಟಿಯಷ್ಟೇ ಇತ್ತು.
"ಇತರೆ" ಒತ್ತಿದೆ.

ಬೆಳಿಗ್ಗೆ ನವರಂಗ್ ಸ್ಟಾಪಿನಲ್ಲಿ ಬಸ್ಸು ಬರುವಷ್ಟರಲ್ಲಿ
ಫೋನು ಎರಡು ಸಲ ಕೂಗಿತು.
ಗಾಳಿ, ಲೈನು, ಸುಳ್ಳು ಕೂಗು.
ಎರಡು ಸಲವೂ ತೆಗೆದು ನೋಡಿದೆ.
ಎರಡನೆಯ ಸಲ ನೋಡುತ್ತಿದ್ದಾಗ ಬಸ್ಸು ಹೋಯಿತು.