ಇದೆ, ಇಲ್ಲ

ನಮ್ಮ ಅಜ್ಜಿಯರ ಐರಿಷ್‌ನಲ್ಲಿ
ಹೌದು ಅನ್ನುವುದಕ್ಕೆ ಪದವಿಲ್ಲ.
ಬಾಗಿಲು ಹಾಕಿದೆಯಾ ಅಂದರೆ ಹಾಕಿದೆ,
ಹಸಿವಾಯಿತಾ ಅಂದರೆ ಆಯಿತು.
ಡಬ್ಲಿನ್ನಿನ ಸಂಸತ್ತಿನಲ್ಲೂ ಅಷ್ಟೇ,
ಸದಸ್ಯರ ಮುಂದೆ ಎರಡು ಗುಂಡಿ:
ಟಾ ಅಂದರೆ ಇದೆ,
ನೀಲ್ ಅಂದರೆ ಇಲ್ಲ.

ಮ್ಯಾಲಕಿ ಟಾರ್ಪಿ ಇಪ್ಪತ್ತಾರು ವರ್ಷ
ಈ ಎರಡರ ನಡುವೆ ಓಡಾಡಿದ.
ಅದರಲ್ಲಿ ಇಪ್ಪತ್ತೆರಡು ವರ್ಷ
ನಾನು ಅವನ ಟೈಪಿಸ್ಟು.

ಮೊದಲು ದನದ ಸಂತೆಯಲ್ಲಿ ಹರಾಜು ಕೂಗುತ್ತಿದ್ದವನು.
ಯಾರು ಹುಬ್ಬೆತ್ತಿದರು, ಯಾರು ಮೂಗು ಕೆರೆದರು,
ಯಾವುದು ಬೆಲೆ, ಯಾವುದು ಬರೀ ತುರಿಕೆ
ದೂರದಿಂದಲೇ ಹೇಳುತ್ತಿದ್ದ.
ಚುನಾವಣೆಗೆ ಅಷ್ಟು ವಿದ್ಯೆ ಸಾಕಾಯಿತು.

ಶನಿವಾರ ಹನ್ನೊಂದಕ್ಕೆ
ಗಿಲ್ಹೂಲಿಯ ಪಬ್ಬಿನ ಹಿಂಕೋಣೆ.
ಬಿಯರ್ ಪೀಪಾಯಿಗಳ ನಡುವೆ ಒಂದು ಮೇಜು,
ನನ್ನ ಯಂತ್ರ, ಅವನ ಕಿವಿ.
ಪಿಂಚಣಿ ಬಾರದವಳು, ಪಾಸ್‌ಪೋರ್ಟ್ ಸಿಗದವನು,
ಬೇಲಿ ಅರ್ಧ ಗಜ ಸರಿದಿದೆ ಎಂದು
ತಮ್ಮನ ಮೇಲೆ ದೂರು ತಂದ ಅಣ್ಣ.
‘ಮಾನ್ಯ ಸಚಿವರೇ’ ಎಂದು ಹೊಡೆದೂ ಹೊಡೆದೂ
ಆ ಕೀಲಿಗಳ ಅಕ್ಷರ ಅಳಿಸಿಹೋದವು,
ಬೆರಳಿಗೆ ಮಾತ್ರ ನೆನಪು.

ಸಾವುಗಳಿಗೆ ಬೇರೆ ಡೈರಿ.
ಬೆಳಿಗ್ಗೆ ರೇಡಿಯೊ ಸತ್ತವರ ಹೆಸರು ಓದುವಾಗ
ಟೋಸ್ಟು ಅವನ ಕೈಯಲ್ಲೇ ಆರುತ್ತಿತ್ತು.
ವಾರಕ್ಕೆ ನಾಲ್ಕು, ಚಳಿಗಾಲದಲ್ಲಿ ಎಂಟು.
ಮತಕ್ಕಾಗಿ ಹೋಗುತ್ತಾನೆ ಅಂದರು. ನಿಜ, ಅದಕ್ಕೇ ಹೋಗುತ್ತಿದ್ದ.
ಆದರೆ ಸತ್ತವರ ಕೈ ಮುಟ್ಟುವ ಮೊದಲು
ಕೈಗವಸು ಕಳಚುತ್ತಿದ್ದ,
ಯಾರೂ ನೋಡದಿದ್ದಾಗಲೂ.
ನಾನು ನೋಡಿದ್ದೇನೆ.

ಇಷ್ಟಕ್ಕೂ ಅವನ ಹೆಸರಲ್ಲಿ ಕಾನೂನು ಎಷ್ಟು?
ಒಂದು ತಿದ್ದುಪಡಿ.
ದೋಣಿ ಪರವಾನಗಿಯ ಕಾಯ್ದೆ, ಏಳನೆಯ ಕಲಂ,
‘ಮಾಲೀಕ’ ಎಂದಿದ್ದಲ್ಲಿ
‘ಮಾಲೀಕ ಅಥವಾ ಆತನ ವಿಧವೆ’.
ಮೂರು ಪದಕ್ಕೆ ಒಂಬತ್ತು ವರ್ಷ.
ಅಂದು ರಾತ್ರಿ ಫೋನು ಮಾಡಿ
ಇನ್ನೊಂದು ಸಲ ಓದು ಅಂದ. ಓದಿದೆ.
ಇನ್ನೊಂದು ಸಲ ಅಂದ.

ಆಮೇಲೆ ಹೆರಿಗೆ ವಾರ್ಡಿನ ಠರಾವು.
ನಮ್ಮೂರ ಆಸ್ಪತ್ರೆಯ ಹದಿನಾಲ್ಕು ಹಾಸಿಗೆ.
ಅವನ ಇಬ್ಬರು ಹೆಣ್ಣುಮಕ್ಕಳು, ನನ್ನ ಫಿಂಟನ್
ಹುಟ್ಟಿದ್ದು ಅಲ್ಲೇ.
ಮುಚ್ಚಲು ಬಿಡೆನೆಂದು ಚರ್ಚಿನ ಮೆಟ್ಟಿಲ ಮೇಲೆ ಮಾತು ಕೊಟ್ಟಿದ್ದ;
ಆ ಮಾತನ್ನು ಟೈಪು ಮಾಡಿದವಳೂ ನಾನೇ.
ಪಕ್ಷದ ಸಚೇತಕ ಹೆಗಲ ಮೇಲೆ ಕೈಯಿಟ್ಟ:
ಸರ್ಕಾರ ಉಳಿಯಬೇಕಲ್ಲ, ಮ್ಯಾಲಕಿ.
ಮತದ ಗಂಟೆ ಆರು ನಿಮಿಷ ಬಡಿಯುತ್ತದೆ.
ಆರು ನಿಮಿಷಕ್ಕೆ ಒಂದು ಮೊಟ್ಟೆ ಬೇಯುತ್ತದೆ.
ನಾಲ್ಕನೇ ಸಾಲಿನ ತನ್ನ ಜಾಗಕ್ಕೆ ಹೋಗಿ
ಟಾ ಒತ್ತಿದ.
ಇದೆ.
ವಾರ್ಡು ಇಲ್ಲ.

ಊರಲ್ಲಿ ಯಾರೂ ಬೈಯಲಿಲ್ಲ.
ಮಳೆ ನಿಂತಿತಲ್ಲ ಅಂದರು, ಗಾಳಿ ಜೋರು ಅಂದರು.
ಎಣಿಕೆ ಶಾಲೆಯ ಆಟದ ಹಾಲಿನಲ್ಲಿ, ಎರಡು ಹಗಲು ಒಂದು ರಾತ್ರಿ.
ಸೋತವರ ಮತ ಉಳಿದವರಿಗೆ ಹಂಚುತ್ತ ಹಂಚುತ್ತ
ಹನ್ನೊಂದನೇ ಸುತ್ತಿಗೆ
ಒಂಬತ್ತು ಮತ ಕಡಿಮೆ.
ಮರುಎಣಿಕೆ ಬೇಡ ಅಂದ.
ಸುತ್ತಿಗೆ ಬಿದ್ದ ಮೇಲೆ ಬಿತ್ತು,
ಹರಾಜಿನವನಿಗೆ ಅದನ್ನು ಯಾರು ಹೇಳಿಕೊಡಬೇಕು.

ಮುಂದಿನ ಶನಿವಾರ ನನ್ನ ಯಂತ್ರ ತರಲು ಹೋದರೆ
ಪೀಪಾಯಿಗಳ ನಡುವೆ ಕೂತಿದ್ದಾನೆ, ಕೋಟು ಬಿಚ್ಚದೆ.
ಎದುರಿಗೆ ಓನಿ ಮುಲ್‌ಡೂನ್, ಮೀನಿನ ವಾಸನೆ.
ಸೊಸೆಗೆ ದಿನ ತುಂಬಿದೆಯಂತೆ,
ದೊಡ್ಡಾಸ್ಪತ್ರೆಗೆ ಐವತ್ತೆಂಟು ಮೈಲಿ,
ದಾರಿ ತುಂಬ ಗುಂಡಿ.
ಇವನೀಗ ಸದಸ್ಯನಲ್ಲ ಎಂದು ಓನಿಗೂ ಗೊತ್ತು.
ಒಂಬತ್ತರಲ್ಲಿ ಅವನದೂ ಒಂದೇನೋ, ಕೇಳಲಿಲ್ಲ.

ಕಾಗದ ಇದೆಯಾ ಅಂದ ಮ್ಯಾಲಕಿ.
ಸಂಸತ್ತಿನ ವೀಣೆ ಅಚ್ಚಾದ ಹಾಳೆಗಳನ್ನು
ನಿನ್ನೆಯೇ ವಾಪಸು ಕಳಿಸಿದ್ದೆ.
ಚೀಲದಲ್ಲಿ ಫಿಂಟನ್‌ನ ಲೆಕ್ಕದ ಪುಸ್ತಕವಿತ್ತು.
ನಡುವಿನ ಹಾಳೆ ಕಿತ್ತೆ,
ಚೌಕಳಿಯ ಮೇಲೆ, ಕೈಯಲ್ಲೇ
‘ಮಾನ್ಯ ಸಚಿವರೇ’ ಎಂದು ಬರೆದು
ಮುಂದಿನದಕ್ಕೆ ಅವನ ಮುಖ ನೋಡಿದೆ.