ಮರದ ಅಡಿಮಗ್ಗುಲು

ಅವಳ ಮನೆತನದ ಹೆಸರು ಕಿವಿಸ್ಟಿಕ್.
ಕಿವಿ ಎಂದರೆ ಎಸ್ಟೋನಿಯದ ನುಡಿಯಲ್ಲಿ ಕಲ್ಲು;
ಕಲ್ಲುನೆಲದವಳು, ಮೈಮು ಕಿವಿಸ್ಟಿಕ್.
ನನಗೆ ಮಾತ್ರ ಕಿವಿ ಕಿವಿಯೇ,
ನೆಲಕ್ಕೆ ಹಚ್ಚಿದ ಕಿವಿ.

ತಾರ್ತು ವಿಶ್ವವಿದ್ಯಾಲಯ, ಎರಡನೇ ಮಹಡಿ,
ಬಟಾಣಿ ಬಣ್ಣದ ಬೀರುಗಳ ಕೋಣೆ.
ಅಲ್ಲಿ ನಲವತ್ತೊಂದು ವರ್ಷ
ಯಾರಿಗೂ ಬೇಡದ್ದನ್ನು ನೋಡುತ್ತ ಕೂತಳು:
ಕೊಡೆಯಿಲ್ಲದ, ಕಾಲಿಲ್ಲದ, ಬಾಣಲೆಗೆ ಬಾರದ ಅಣಬೆ.
ಬಿದ್ದ ಮರದ ಅಡಿಮಗ್ಗುಲಿಗೆ
ಯಾರೋ ಗಂಜಿ ಚೆಲ್ಲಿ ಒರೆಸದೇ ಹೋದ ಹಾಗೆ
ಅಂಟಿಕೊಂಡ ತೆಳು ಬಿಳಿ ಪೊರೆ.

ಸೆಪ್ಟೆಂಬರಿನ ಭಾನುವಾರ ಊರಿಗೆ ಊರೇ
ಬುಟ್ಟಿ ಹಿಡಿದು ಕಾಡಿಗೆ ಹೊರಡುತ್ತದೆ ಅಲ್ಲಿ.
ಮರಳುವ ಬಸ್ಸಿನಲ್ಲಿ ಎಲ್ಲರ ತೊಡೆಯ ಮೇಲೂ
ಹಳದಿ ಅಣಬೆ ತುಂಬಿ ತುಳುಕುವಾಗ
ಇವಳ ಬುಟ್ಟಿಯಲ್ಲಿ ನಾಕು ಕೊಳೆತ ಚಕ್ಕೆ.
ಮುದುಕಿಯೊಬ್ಬಳು ಮರುಗಿ
ಎರಡು ಹಿಡಿ ಅಣಬೆ ಎತ್ತಿ ಹಾಕಿದಳಂತೆ.
ಬೇಡವೆನ್ನಲಿಲ್ಲ ಇವಳು.
ಬೆಣ್ಣೆಯಲ್ಲಿ ಹುರಿದು ತಿಂದಳು.

ಹುಡುಗರನ್ನು ಕಾಡಿಗೆ ಕರೆದೊಯ್ದರೆ
ಮೊದಲ ಪಾಠ ಮಂಡಿಯೂರುವುದು.
ಎರಡನೆಯದು ಮಸೂರವನ್ನು ಕಣ್ಣಿಗೇ ತಾಗಿಸಿ ಹಿಡಿಯುವುದು.
ಮೂರನೆಯದು, ಹೊರಳಿಸಿದ ದಿಮ್ಮಿಯನ್ನು
ಇದ್ದ ಹಾಗೇ ತಿರುಗಿ ಇಡುವುದು:
“ಮಲಗಿದವರ ಹೊದಿಕೆ ಸರಿಸಿ ನೋಡಿ
ಹಾಗೇ ಬಿಟ್ಟು ಹೋಗುತ್ತಾರೇನ್ರೋ?”

ಅವಳ ಸ್ವವಿವರದಲ್ಲಿ
ನಲವತ್ತೊಂಬತ್ತರಿಂದ ಐವತ್ತೇಳರವರೆಗೆ
ಬರೀ ಒಂದು ಗೆರೆ.
ಗೆರೆಯೊಳಗೆ ಮಾರ್ಚ್ ತಿಂಗಳ ನಸುಕಿನ ಲಾರಿ,
ದಿನ ಎಣಿಸಲು ಬಿಟ್ಟ ರೈಲು, ಸೈಬೀರಿಯ,
ಏಳು ವರ್ಷದ ಹುಡುಗಿ, ಗರಗಸ ಹಿಡಿದ ಅಮ್ಮ.
ಗುರುತಿಲ್ಲದ ಕಾಡು, ಗುರುತಿಲ್ಲದ ಅಣಬೆ.
ಅಮ್ಮ ಬೇಯಿಸಿ ತಾನೊಂದು ಚೂರು ತಿಂದು
ಮಗಳಿಗೆ ಕೊಡದೆ ಮಲಗುವಳು.
ಮಗಳು ಹಸಿದ ಹೊಟ್ಟೆಯಲ್ಲಿ ಇರುಳಿಡೀ
ಅಮ್ಮನ ಉಸಿರಿಗೆ ಕಾವಲು.
ಬೆಳಗಾಗಿ ಅಮ್ಮ ಎದ್ದರೆ
ತಣ್ಣಗಾದ ಆ ಬಟ್ಟಲು ಇವಳದು.

ಎಪ್ಪತ್ತನಾಲ್ಕರಲ್ಲಿ ಒಂದು ಸ್ಪ್ರೂಸ್ ಮರದಡಿ
ಯಾವ ಪುಸ್ತಕದಲ್ಲೂ ಇಲ್ಲದ ಪೊರೆಯೊಂದು ಸಿಕ್ಕಿತು.
ನಾಲ್ಕು ಚಳಿಗಾಲ ಅಳೆದಳು ಅದರ ಬೀಜಕಣಗಳನ್ನು;
ಹಳೆಯ ಪರೀಕ್ಷೆಯ ಹಾಳೆ ಮಡಚಿ ಲಕೋಟೆ ಮಾಡಿ,
ರಷ್ಯನ್ನಿನಲ್ಲಿ ಒಮ್ಮೆ, ಲ್ಯಾಟಿನ್ನಿನಲ್ಲಿ ಒಮ್ಮೆ ವರ್ಣಿಸಿ,
ಹೆಸರಿಟ್ಟಳು. ‘ಕಾದಿರುವಂಥದು’ ಎಂದು ಅದರರ್ಥ.
ಯಾತಕ್ಕೆಂದು ಯಾರೂ ಕೇಳಲಿಲ್ಲ.
ಕೇಳಿದ್ದರೆ
ನಿಧಾನ ಬೆಳೆಯುತ್ತದೆ, ಅದಕ್ಕೆ, ಎನ್ನುತ್ತಿದ್ದಳೇನೋ.

ನಿವೃತ್ತಿಯಾಗಿ ಎಷ್ಟೋ ವರ್ಷಕ್ಕೆ,
ಆ ಕೋಣೆಯ ಬೀಗದ ಕೈ ಇನ್ನೂ ಅವಳ ಹತ್ತಿರವೇ ಇದ್ದಾಗ,
ಊಕು ಎಂಬ ಹುಡುಗ ಬಾಗಿಲಲ್ಲಿ ನಿಂತ.
ಅದೇ ಕಾಡಿನಿಂದ ಹೊಸ ಚೂರು ತಂದಿದ್ದ,
ಡಿಎನ್ಎ ತೆಗೆಸಿದ್ದ, ಎರಡು ಸಲ, ಮೂರನೆಯ ಸಲವೂ.
ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವನ ಹಾಗೆ
ಅಷ್ಟಷ್ಟೇ ಹೇಳಿದ:
ಸ್ವೀಡನ್ನಿನ ಪಾದ್ರಿಯೊಬ್ಬ ನೂರು ವರ್ಷದ ಹಿಂದೆಯೇ
ಹೆಸರಿಟ್ಟದ್ದಂತೆ ಅದು.
ಇವಳಿಟ್ಟದ್ದು ಇನ್ನು ಮೇಲೆ ಬರೀ ಪರ್ಯಾಯನಾಮ.

ಮೈಮು ಕನ್ನಡಕ ತೆಗೆದು ಒರೆಸಿದಳು.
ಒರೆಸಿದ್ದನ್ನೇ ಮತ್ತೆ ಒರೆಸಿದಳು.
“ಪಾದ್ರಿಯ ಮಾದರಿ ನೋಡಿದೆಯಾ?” ಎಂದಳು.
ನೋಡಿದ್ದ.
“ಸರಿ. ಅಂಟು ಕೊಡು.”

ಬೀರುಕೋಣೆಯ ಕಟ್ಟಳೆ: ಹಳೆಯ ಚೀಟಿ ಕೀಳುವಂತಿಲ್ಲ.
ತಪ್ಪಿದವರ ಕೈಬರಹ ತಪ್ಪಿನ ಜೊತೆಗೇ ಇರಬೇಕು,
ಪಕ್ಕದಲ್ಲಿ ಹೊಸ ಚೀಟಿ.
ಪಾದ್ರಿ ಕೊಟ್ಟ ಹೆಸರನ್ನು ನಡುಗುವ ಕೈಯಲ್ಲಿ
ತಾನೇ ಬರೆದು, ತಾರೀಕು ಹಾಕಿ, ರುಜು ಮಾಡಿ,
ಅಂಟು ಒಣಗುವ ತನಕ
ಹೆಬ್ಬೆರಳಲ್ಲಿ ಒತ್ತಿ ಹಿಡಿದು ಕೂತಳು.
ಕಿಟಕಿಯಾಚೆ ಮೂರೂವರೆಗೇ ಕತ್ತಲು.

“ಆ ದಿಮ್ಮಿ,” ಎಂದಳು ಬೆರಳೆತ್ತದೆಯೇ,
“ತಿರುಗಿ ಇಟ್ಟು ಬಂದೆ ತಾನೆ?”

ಊಕು ಗೂಟದಿಂದ ಕೋಟು ತೆಗೆದುಕೊಂಡ.
ಕಾಡಿನ ಕಡೆಯ ಬಸ್ಸು ನಾಲ್ಕಕ್ಕೆ.
ಟಾರ್ಚು ಅವಳೇ ಕೊಟ್ಟಳು.